ಹಿಟ್ಲರನ ವೇಷಕ್ಕೆ ಮೊದಲ ಬಹುಮಾನ

ಜಕ್ಕೂರಿನ ಹಳೇ ಊರಿನೊಳಗಿನ ಖಾಸಗಿ ಶಾಲೆಯಲ್ಲಿ ಶಶಿರೇಖಾ ಸಮಾಜ ವಿಜ್ಞಾನದ ಮೇಡಂ. ಒಂಟಿ ಹೆಂಗಸು, ಜೀವನ ಆ ಸಂಬಳದಲ್ಲೇ ನಡೆಯಬೇಕು. ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಗೆ ಅವರೇ ತೀರ್ಪುಗಾರರು. ವಿಷಯ, ಮಹಾನ್ ನಾಯಕರು.

ಕೆಂಪೇಗೌಡರ ವೇಷ ಬಂತು, ಓಬವ್ವ ಬಂದಳು. ಆಮೇಲೆ ಒಂಬತ್ತನೇ ತರಗತಿಯ ಪುನೀತ್ ಹಿಟ್ಲರನಾಗಿ ಬಂದು, "ಶಿಸ್ತು ಅಂದ್ರೆ ನಾನು!" ಎಂದು ಕೈ ಚಾಚಿದ. ಶಾಮಿಯಾನದ ತುಂಬ ಶಿಳ್ಳೆ.

"ಇಂಥೋನೊಬ್ಬ ಬೇಕು ಕಣ್ರೀ ನಮ್ ದೇಶಕ್ಕೆ!" ಪೋಷಕರ ಸಾಲಿನಿಂದ ಯಾರೋ ಕೂಗಿದರು.

ಅರವತ್ತು ಲಕ್ಷ ಯಹೂದಿಗಳನ್ನು ಕೊಲ್ಲಿಸಿದವನಿಗೆ, ಮಡಿಲಲ್ಲಿ ಕೂಸು ಇಟ್ಟುಕೊಂಡ ತಾಯಂದಿರ ಚಪ್ಪಾಳೆ.

ಶಶಿರೇಖಾ ಸೊನ್ನೆ ಹಾಕಿದರು. ಹುಡುಗನ ಅಪ್ಪ, ಬಿಲ್ಡರ್ ಅಶ್ವತ್ಥ್, ವೇದಿಕೆಗೇ ಬಂದರು. ಶಾಲೆಯ ಕಟ್ಟಡ ಅವರದೇ.

"ಏನ್ ಮೇಡಂ, ಹುಡುಗ ಎಷ್ಟ್ ಪ್ರಾಕ್ಟೀಸ್ ಮಾಡವ್ನೆ ಗೊತ್ತಾ?"

"ಮಕ್ಕಳನ್ನೂ ಬಿಡದೆ ಕೊಲ್ಲಿಸಿದವನು ಸರ್ ಅವನು."

"ಎಲ್ಲೋ ಜರ್ಮನಿ ಕಥೆ ಬಿಡಿ. ಒಬ್ಬ ಯಹೂದೀನಾದ್ರೂ ನೋಡಿದೀರಾ ನೀವು?"

"ನೋಡ್ದೇ ಇರೋರನ್ನ ದ್ವೇಷ ಮಾಡೋದೇ ಸುಲಭ ಸರ್."

ಆಡಳಿತ ಮಂಡಳಿ ತೀರ್ಪು ಬದಲಿಸಿ, ಮೊದಲ ಬಹುಮಾನದ ಕಪ್ ಪುನೀತನಿಗೇ ಕೊಟ್ಟಿತು. ಮರುದಿನ ಗೇಟಿನ ಮೇಲೆ ಫ್ಲೆಕ್ಸ್: ಚೌಕಮೀಸೆಯ ಮಗ, ಮೂಲೆಯಲ್ಲಿ ಕೈಮುಗಿದ ಅಪ್ಪ, 'ಹಾರ್ದಿಕ ಅಭಿನಂದನೆಗಳು'. ಥೂ! ಹುಟ್ಟುಹಬ್ಬಕ್ಕೂ ತಿಥಿಗೂ ಫ್ಲೆಕ್ಸ್ ಕಟ್ಟುವ ಜನ ಈಗ ಕೊಲೆಗಡುಕನಿಗೂ ಕಟ್ಟಿದರು.

ಸೋಮವಾರ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿ, ಇಲ್ಲವಾದರೆ ಕೆಲಸ ಬಿಡಿ ಎಂದಿತು ಆಡಳಿತ ಮಂಡಳಿ.

ಸೋಮವಾರ ಶಶಿರೇಖಾ ಮೈಕ್ ಹಿಡಿದರು. ಅಶ್ವತ್ಥ್ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಪುನೀತಾ, ನಿನ್ ಹತ್ರ ಕ್ಷಮೆ ಕೇಳ್ತೀನಿ ಕಣೋ. ನೀನು ಆ ವೇಷ ಹಾಕೋಕ್ ಮುಂಚೇನೇ ಈ ಪಾಠ ಮಾಡ್ಬೇಕಿತ್ತು."

ಅಲ್ಲೇ ಪಾಠ ಶುರು ಮಾಡಿದರು. ಮೊದಲು ಯಹೂದಿಗಳ ಅಂಗಡಿಗೆ ಹೋಗಬೇಡಿ ಎಂದು ಬೋರ್ಡು. ಆಮೇಲೆ ಅವರ ಮಕ್ಕಳು ಶಾಲೆಯಿಂದ ಹೊರಗೆ. ಕೊನೆಗೆ ಸಾವಿನ ಶಿಬಿರಗಳಿಗೆ ರೈಲು. ಯಾರೋ ಮೈಕ್ ಆಫ್ ಮಾಡಿದರು. ಅವರು ದನಿಯೇರಿಸಿ ಮುಂದುವರಿಸಿದರು.

ಪುನೀತ್ ಕೈಯೆತ್ತಿದ. "ಏನಾದ್ರೂ ತಪ್ಪು ಮಾಡಿರ್ತಾರಲ್ವಾ ಮಿಸ್ ಅವ್ರು? ಸುಮ್‌ಸುಮ್ನೆ ಯಾಕ್ ಸಾಯಿಸ್ತಾರೆ?"

"ಜರ್ಮನಿ ಜನಾನೂ ಇದನ್ನೇ ಅಂದ್ಕೊಂಡು ಸುಮ್ನಿದ್ರು ಕಣೋ. ನಿಮ್ಮಪ್ಪ ಸಾಬ್ರಿಗೆ ಮನೆ ಬಾಡಿಗೆ ಕೊಡಲ್ಲ ಅಲ್ವಾ? ಮನೆ ಕೇಳೋಕ್ ಬಂದೋರು ಏನ್ ತಪ್ಪು ಮಾಡಿದ್ರು, ಹೇಳು?"

ಪುನೀತ್ ತಿರುಗಿ ಅಪ್ಪನ ಮುಖ ನೋಡಿದ.

ಅಶ್ವತ್ಥ್ ಎದ್ದು ಕಿರುಚಿದರು. ಮಧ್ಯಾಹ್ನದೊಳಗೆ ಶಶಿರೇಖಾಗೆ ಕೆಲಸವಿರಲಿಲ್ಲ. ಅವರ ಪೀರಿಯಡ್ಡು ಈಗ ಪಿ.ಟಿ. ಮಾಸ್ಟರಿಗೆ. ಹಿಟ್ಲರನ ಅಧ್ಯಾಯ ಬಂದಾಗ ಮಾಸ್ಟರು ಪುಟ ಮಗುಚಿದರಂತೆ: "ಇದು ಪರೀಕ್ಷೆಗೆ ಬರಲ್ಲ, ಬಿಡ್ರೋ."