ಗುರಮ್ಮ ಕೊಟ್ಟ ನಂಬರು

ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗುರಮ್ಮನ ಖಾನಾವಳಿ ಇತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಇಷ್ಟೇ ಊಟ. ಆದರೂ ಮಧ್ಯಾಹ್ನ ಕೂರಲು ಜಾಗ ಸಿಗುತ್ತಿರಲಿಲ್ಲ. 2016ರ ಬೇಸಿಗೆಯ ಹೊತ್ತಿಗೆ ನಲ್ಲಿಗಳು ಒಣಗಿದವು. ಊಟಕ್ಕೆ ಬರುತ್ತಿದ್ದ ಗಾರೆ ಕೆಲಸದ ಗೌಂಡಿಗಳು, ಹಮಾಲರು ಹೈದರಾಬಾದು, ಪುಣೆಯ ದಾರಿ ಹಿಡಿದರು.

ಗುರಮ್ಮ ಯಾರನ್ನೂ ಬೇಗ ನಂಬುವವಳಲ್ಲ. ಗಿರಣಿಗೆ ಜೋಳ ಹಾಕಿದರೆ ಬೀಸಿ ಮುಗಿಯುವ ತನಕ ಅಲ್ಲೇ ನಿಲ್ಲುವಳು. ಅವಳು ನಂಬಿದ್ದು ಒಬ್ಬಳನ್ನೇ, ಪಕ್ಕದಲ್ಲಿ ಕೂತು ವರ್ಷಗಟ್ಟಲೆ ರೊಟ್ಟಿ ಬಡಿದಿದ್ದ ಔರಾದಿನ ಜಿಜಾಬಾಯಿಯನ್ನು.

ಖಾನಾವಳಿಯನ್ನು ಬೀದರಿನ ಚಿದ್ರಿಗೆ ಸಾಗಿಸಬೇಕೆಂದು ಗುರಮ್ಮ ಲೆಕ್ಕ ಹಾಕಿದಳು. ಅಲ್ಲಿ ನೌಕರಿಯ ಮಂದಿ ಇದ್ದರು. ಆದರೆ ಜಾಗದ ಮಾಲಕ ಶಿವರಾಜಪ್ಪನಿಗೆ ಸುಳಿವು ಸಿಗಬಾರದು. ಸಿಕ್ಕರೆ ಅವಳು ಬೇರೆ ಜಾಗ ಗೊತ್ತುಮಾಡಿಕೊಳ್ಳುವ ಮೊದಲೇ ಇದನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವ ಮನುಷ್ಯ ಅವನು.

ಜಿಜಾಬಾಯಿ ತನ್ನ ಫೋನಿನಲ್ಲಿ ಬೀದರಿನ ಮನೆ, ಅಂಗಡಿಗಳ ವೆಬ್‌ಸೈಟೊಂದನ್ನು ತೆಗೆದಳು. ಚಿದ್ರಿಯ ಒಂದು ಜಾಗದ ಫೋಟೋ ಅರ್ಧ ಕಂಡಿತು. ತಿಂಗಳ ಕಿರಾಯಿ, ವಿಳಾಸ ಬೇಕಾದರೆ ಹೆಸರು, ಊರು, ಫೋನ್ ನಂಬರು ಬರೆಯಬೇಕಿತ್ತು.

"ಬರೀ ನೋಡಾಕ ನನ್ನ ಹೆಸರ ಯಾಕ ಬೇಕು ಇವರಿಗೆ?" ಎಂದಳು ಗುರಮ್ಮ.

"ಎಲ್ಲಾರೂ ಕೊಡ್ತಾರ ಅಕ್ಕಾ. ಕೊಡ್ಲಿಲ್ಲಂದ್ರ ಮುಂದ ಹೋಗಂಗಿಲ್ಲ ಇದು."

ಮನಸ್ಸಿಲ್ಲದ ಮನಸ್ಸಿನಿಂದ ಗುರಮ್ಮ ತನ್ನ ನಂಬರು ಹೇಳಿದಳು. ಯಾತಕ್ಕೆ ಜಾಗ ಎಂದು ಕೇಳಿದ ಕಡೆ ಜಿಜಾಬಾಯಿ 'ಖಾನಾವಳಿ' ಎಂದು ಬರೆದಳು. ಕಿರಾಯಿ ಕಂಡಿತು. ಅವರ ಕೈಗೆ ಎಟುಕುವಂಥದ್ದಲ್ಲ.

ಮರುದಿನದಿಂದ ಫೋನು ಹೊಡೆದುಕೊಳ್ಳತೊಡಗಿತು. ಪ್ಲಾಟು ಬೇಕೇನ್ರಿ, ಸಾಲ ಬೇಕೇನ್ರಿ ಎಂದು ಗೊತ್ತಿಲ್ಲದ ದನಿಗಳು. ಆ ವಾರವೇ ಶಿವರಾಜಪ್ಪ ಬಾಗಿಲಿಗೆ ಬಂದು ನಿಂತ.

"ಏನವ್ವಾ ಗುರಮ್ಮ, ಚಿದ್ರಿಯಾಗ ಜಾಗಾ ನೋಡ್ಲಿಕತ್ತೀಯಂತ? ಮುಂದಿನ ತಿಂಗಳ ಖಾಲಿ ಮಾಡಿಬಿಡು. ಜಾಗಾ ಕೇಳಾವ್ರು ಅದಾರ."

"ಯಾರ ಹೇಳ್ಯಾರ್ರಿ ಸಾವಕಾರ್ರ?"

ಅವನು ನಕ್ಕು ನಡೆದ. ಗುರಮ್ಮನ ಕಣ್ಣು ಸೀದಾ ಜಿಜಾಬಾಯಿಯ ಮೇಲೆ ಹೋಯಿತು. ಈ ವಿಷಯ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ನೀನಽ ಹೇಳಿದಿ ಹೌದಿಲ್ಲೊ?"

ಜಿಜಾಬಾಯಿ ಕೈಯ ಹಿಟ್ಟು ತೊಳೆದುಕೊಂಡಳು. "ಹಿಂಗ ಕೇಳಿದ್ಮ್ಯಾಗ ನಾ ಏನ್ ಹೇಳ್ಲಿ ಅಕ್ಕಾ?" ಎಂದವಳು ಸಂಜೆಯ ಬಸ್ಸಿಗೆ ಔರಾದಿಗೆ ಹೋಗಿಬಿಟ್ಟಳು. ಇಲ್ಲ ಎನ್ನದೆ ಹೋದದ್ದೇ ತಪ್ಪೊಪ್ಪಿಗೆ ಎಂದು ಗುರಮ್ಮ ತಿಳಿದಳು.

ಕೆಲವು ದಿನಗಳಾದ ಮೇಲೆ ಜಾಗದ ದಲಾಲನೊಬ್ಬನ ಫೋನು ಬಂತು. "ಭಾಲ್ಕಿ ಖಾನಾವಳಿ ಗುರಮ್ಮನೋರೇನ್ರಿ?" ಈ ಮನುಷ್ಯನಿಗೂ ಜಿಜಾಬಾಯಿ ಹೇಳಿದ್ದಾಳೆಯೇ? ಆಗ ವೆಬ್‌ಸೈಟಿನಲ್ಲಿ ಬರೆಸಿದ ಹೆಸರು, ನಂಬರು ಗುರಮ್ಮನ ನೆನಪಿಗೆ ಬಂದವು. ಮರುದಿನ ಬೆಳಿಗ್ಗೆ ರೈಲು ಹತ್ತಿ ಬೀದರಿಗೆ ಹೋದಳು. ವೆಬ್‌ಸೈಟಿನವರ ಕಚೇರಿ ಹುಡುಕಿದಳು. ಅಲ್ಲಿದ್ದ ಮುಜೀಬೋದ್ದೀನ ಸಮಾಧಾನದ ಮನುಷ್ಯ. ಕುರ್ಚಿ ಕೊಟ್ಟು ಎಲ್ಲ ಕೇಳಿಸಿಕೊಂಡ.

"ಹೆಸರ, ನಂಬರ, ಯಾವ ಜಾಗಾ ನೋಡಿದ್ರಿ, ಎಲ್ಲಾ ನಮ್ಮ ದಲಾಲರಿಗೆ ಹೋಗ್ತದ್ರಿ ಅಮ್ಮಾ. ಬೀದರದವರಿಗೆ ಹೋಗ್ತದ, ಭಾಲ್ಕಿದಾಗ ಹಾವಗೆಪ್ಪನೋರಿಗೂ ಹೋಗ್ತದ."

ಹಾವಗೆಪ್ಪ ಶಿವರಾಜಪ್ಪನ ಅಳಿಯ. ಗುರಮ್ಮ ಕುರ್ಚಿಯಿಂದ ಎದ್ದಳು.

"ನೋಡಾಕ ಬಂದವರ ಹೆಸರ ಊರೆಲ್ಲಾ ಹಂಚ್ತೀರೇನ್ರಿ?"

"ಪುಕ್ಕಟ ನೋಡಿ ಹೋದ್ರ ನಮ್ಮ ಕಚೇರಿ ಹ್ಯಾಂಗ ನಡೀಬೇಕ್ರಿ? ದಲಾಲರು ನಮಗ ರೊಕ್ಕ ಕೊಡೋದು ಗಿರಾಕಿ ನಂಬರಿಗೇ. ನೀವು ಮನಿ ನೋಡಾಕ ಹೋದ್ರ ಮಾಲಕ ನೀವ್ಯಾರಂತ ಕೇಳಂಗಿಲ್ಲೇನ್ರಿ?"

"ಒಳಗ ಹೋದ ಮ್ಯಾಲ ಕೇಳ್ಲಿ, ಹೇಳ್ತೇನಿ. ಹಾದಿ ಮ್ಯಾಲ ನಿಂತು ಬೋರ್ಡ ಓದಿದ್ರ ಯಾಕ ಹೇಳ್ಬೇಕು? ಯಾರಿಗೆ ಕೊಡ್ತೀವಂತ ಮೊದ್ಲ ಹೇಳಿದ್ರ ನಾ ಬರೀತಿದ್ದಿಲ್ಲ."

ಮುಜೀಬೋದ್ದೀನ ತಲೆ ತಗ್ಗಿಸಿದ. ಮೇಲಿನವರಿಗೆ ತಿಳಿಸುತ್ತೇನೆ ಎಂದ. ಗುರಮ್ಮ ಅದನ್ನು ನಂಬಲಿಲ್ಲ.

ಅಂದೇ ಚಿದ್ರಿಯ ಓಣಿಗಳನ್ನು ಸುತ್ತಿದಳು. ಕಿರಾಣಿ ಅಂಗಡಿಯೊಂದರ ಪಕ್ಕದ ಖಾಲಿ ಜಾಗ ಕಣ್ಣಿಗೆ ಬಿತ್ತು. ಮಾಲಕನನ್ನು ಎದುರಿಗೆ ಕೂರಿಸಿಕೊಂಡು ಮಾತು ಮುಗಿಸಿದಳು. ನಂತರ ಔರಾದಿನ ಬಸ್ಸು ಹತ್ತಿದಳು.

ಜಿಜಾಬಾಯಿ ನೀರಿನ ಟ್ಯಾಂಕರಿನ ಸಾಲಿನಲ್ಲಿ ಕೊಡ ಇಟ್ಟು ಕೂತಿದ್ದಳು. ಗುರಮ್ಮ ನಡೆದದ್ದೆಲ್ಲ ಹೇಳಿದಳು.

"ನಂದ ತಪ್ಪಾತು, ಜಿಜಾ."

"ಆ ಕಚೇರಿಯವ ಹೇಳ್ದ ಅಂತ ಬಂದಿ ಅಕ್ಕಾ. ಅವ ಹೇಳ್ಲಿಲ್ಲ ಅಂದಿದ್ರ?"

ಗುರಮ್ಮ ಅವಳ ಕೊಡ ಕೈಗೆತ್ತಿಕೊಂಡಳು. ಟ್ಯಾಂಕರು ಬಂತು, ಹೆಂಗಸರು ನುಗ್ಗಿದರು. ಇಬ್ಬರೂ ಸೇರಿ ಕೊಡ ತುಂಬಿಸಿಕೊಂಡು ಹೊರಬಂದ ಮೇಲೆ ಜಿಜಾಬಾಯಿ ಹೇಳಿದಳು: "ಚಿದ್ರಿಗೆ ಕೂಲಿಗಂದ್ರ ಬರಂಗಿಲ್ಲ. ಪಾಲಿಗಂದ್ರ ಬರ್ತೇನಿ."

ಇದನ್ನು ಮೊದಲೇ ಯೋಚಿಸಿಟ್ಟಿದ್ದಳೇ ಎಂಬ ಸಂಶಯ ಗುರಮ್ಮನ ತಲೆಯಲ್ಲಿ ಸುಳಿಯಿತು. ಸುಳಿದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಆಗ್ಲಿ, ಪಾಲಿಗೇ ಬಾ," ಎಂದಳು.

ಆ ವರ್ಷ ಮಳೆ ಬಿದ್ದ ಮೇಲೆ ಚಿದ್ರಿಯ ಖಾನಾವಳಿ ಕುದುರಿಕೊಂಡಿತು. ಜಿಜಾಬಾಯಿಗೆ ಫೋನು ಬಂದಾಗ ಯಾರದು ಎಂದು ಕೇಳುವುದನ್ನು ಗುರಮ್ಮ ಬಿಟ್ಟಳು. ಬಿಡಲು ಅವಳಿಗೆ ಬಹಳ ಕಾಲ ಹಿಡಿಯಿತು.