ಗಾದಿಯ ಟ್ರಯಲ್, ಗಾಡಿಯ ಟ್ರಯಲ್

ಕೊರೋನಾ ಮುಗಿದ ಮೇಲೆ ಬಂದ ಎರಡನೆಯ ಬೇಸಿಗೆ ಅದು. ಆಗ ನಾನು ನಾಗಪುರದ ಅಜನಿಯಲ್ಲಿ, ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಕಾರುಗಳ ಕುಶನ್ ಕೆಲಸ ಮಾಡುತ್ತಿದ್ದೆ. ಈಗಲೂ ಮಾಡುತ್ತೇನೆ. ನಮ್ಮ ಯಜಮಾನರಿಗೆ ರೈಲ್ವೆಯವರು ಹಾರ ಹಾಕಿ ನಿವೃತ್ತಿ ಕೊಟ್ಟರು. ನನಗೆ ಹಾರ ಹಾಕುವವರು ಯಾರೂ ಇಲ್ಲ, ಆದ್ದರಿಂದ ನಿವೃತ್ತಿಯೂ ಇಲ್ಲ. ಗದಗಿನ ಕಡೆಯ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದನ್ನು ಮಾತ್ರ ತಿದ್ದಬೇಡಿ.

ಕುಶನ್ ಕೆಲಸವೆಂದರೆ ಬರೀ ಹೊಲಿಗೆ ಎಂದು ಜನ ತಿಳಿದಿದ್ದಾರೆ. ಹಳೆಯ ದೊಡ್ಡ ಕಾರಿನ ಸೀಟಿನೊಳಗೆ ಮೊದಲು ಸ್ಪ್ರಿಂಗುಗಳ ಸಾಲು ಇರುತ್ತದೆ. ಅವನ್ನು ಒಂದಕ್ಕೊಂದು ಹುರಿಯಿಂದ ಬಿಗಿದು, ಮೇಲೆ ಗೋಣಿತಟ್ಟು ಹಾಸಿ, ಅದರ ಮೇಲೆ ತೆಂಗಿನ ನಾರು, ನಾರಿನ ಮೇಲೆ ಹತ್ತಿ, ಕಡೆಗೆ ಚರ್ಮ. ಒಂದು ಹುರಿ ಸಡಿಲಾದರೂ ಕೂತವರ ಸೊಂಟಕ್ಕೆ ಗೊತ್ತಾಗುತ್ತದೆ. ಇದೆಲ್ಲ ಸೇರಿದ್ದಕ್ಕೆ ನಾವು ಗಾದಿ ಎನ್ನುತ್ತೇವೆ, ಮರಾಠಿಯವರೂ ಗಾದಿ ಎನ್ನುತ್ತಾರೆ. ವಾಹನಕ್ಕೆ ನಾವೂ ಅವರೂ ಗಾಡಿ ಎನ್ನುತ್ತೇವೆ. ಒಂದು ದ, ಒಂದು ಡ. ನಾನು ಹೇಳಹೊರಟ ಜಗಳವೆಲ್ಲ ಈ ಎರಡು ಅಕ್ಷರಗಳ ನಡುವೆ ಆದದ್ದು.

ನನಗೆ ಕೆಲಸ ತರುತ್ತಿದ್ದವನು ಬಬನ್ ಮಿಸ್ತ್ರಿ. ಉಮರೇಡ್ ರಸ್ತೆಯಲ್ಲಿ ಅವನ ಗ್ಯಾರೇಜು. ಹಳೆಯ ಕಾರುಗಳ ಎಂಜಿನ್ನನ್ನು ಅವನೇ ಬಿಚ್ಚುತ್ತಾನೆ, ಅವನೇ ಕಟ್ಟುತ್ತಾನೆ. ಆ ಗ್ಯಾರೇಜಿಗೊಂದು ಪದ್ಧತಿ ಇದೆ. ಕಾರು ತಯಾರಾದ ದಿನ, ಅದಕ್ಕೆ ಕೈ ಹಚ್ಚಿದ ಪ್ರತಿಯೊಬ್ಬರೂ ಒಂದು ಸುತ್ತು ಓಡಿಸಿ ಬರುತ್ತಾರೆ. ಬ್ರೇಕಿನವನು ಬ್ರೇಕ್ ನೋಡುತ್ತಾನೆ, ವೈರಿಂಗಿನವನು ದೀಪ ನೋಡುತ್ತಾನೆ. ಇಳಿದ ಮೇಲೆ ತಾನು ಮಾಡಿದ ಕೆಲಸದಲ್ಲೇ ಏನು ಕೊರತೆ ಕಂಡಿತೆಂದು ಎಲ್ಲರೆದುರು ಹೇಳಬೇಕು. ಇದಕ್ಕೆ ಟ್ರಯಲ್ ಎಂದು ಹೆಸರು. ಪೇಂಟ್ ಬಳಿದವನಿಗೂ ಟ್ರಯಲ್ ಇತ್ತು. ಇಲ್ಲದ್ದು ನನಗೊಬ್ಬಳಿಗೆ. ಗಾದಿ ಆಟೋದಲ್ಲಿ ನನ್ನ ಶೆಡ್ಡಿಗೆ ಬರುತ್ತಿತ್ತು, ಆಟೋದಲ್ಲೇ ಹೋಗುತ್ತಿತ್ತು. ಆಮೇಲೆ ಬಬನ್ ಮೊಬೈಲಿಗೆ ಒಂದು ಫೋಟೋ ಕಳಿಸುತ್ತಿದ್ದ. "ಮಾವಶಿ, ಏಕದಮ್ ರಾಣಿ ದಿಸತೇ" ಎಂದು ಬರೆಯುತ್ತಿದ್ದ. ಚಿಕ್ಕಮ್ಮಾ, ರಾಣಿಯ ಹಾಗೆ ಕಾಣುತ್ತದೆ ಎಂದು! ಕಂಡರೆ ನನಗೇನು ಬಂತು?

ಅರವತ್ತು ದಾಟಿದ ಮೇಲೆ ನಾನು ಕಾರು ಓಡಿಸಲು ಕಲಿತೆ. ಕಲಿಸಿದವಳು ಮೊಮ್ಮಗಳು ಪಲ್ಲವಿ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ತನ್ನದೊಂದು ಸಣ್ಣ ಕಾರಿದೆ. ಭಾನುವಾರ ಬೆಳಿಗ್ಗೆ ರೈಲ್ವೆ ಮೈದಾನದಲ್ಲಿ ಕೂರಿಸಿಕೊಂಡು ಬೈದು ಬೈದು ಕಲಿಸಿದಳು. ಮೊಮ್ಮಗಳಿಂದ ಬೈಸಿಕೊಳ್ಳುವ ಸುಖ ಅನುಭವಿಸಿದವರಿಗೇ ಗೊತ್ತು. ಲೈಸನ್ಸ್ ಬಂದ ದಿನ ನಮ್ಮ ಓಣಿಯವರು, ಈ ವಯಸ್ಸಿನಲ್ಲಿ ಯಾಕೆ ಎಂದರು. ಮುಂದಿನ ವಯಸ್ಸು ಇದಕ್ಕಿಂತ ದೊಡ್ಡದಾಗಿರುತ್ತದೆ, ಅದಕ್ಕೇ ಈಗ ಎಂದೆ.

ಆ ಬೇಸಿಗೆಗೆ ಸ್ವಲ್ಪ ಮೊದಲು ಒಂದು ಗಾದಿ ಬಂತು. ಧರಮಪೇಠದ ಭಾವುಸಾಹೇಬರ ಕಾರಿನದು. ಅವರ ತಂದೆಯ ಕಾಲದ ವಿಲಾಯತಿ ಕಾರು, ವರ್ಷಗಟ್ಟಲೆ ಬಂಗಲೆಯ ಹಿಂದೆ ನಿಂತಿತ್ತಂತೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಕಾರನ್ನೇ ನೋಡುತ್ತೀರಿ, ನನ್ನ ಗಾದಿಯನ್ನು ನೋಡುವುದಿಲ್ಲ. ಮುಂದಿನ ಸೀಟು ಮೂರು ಜನ ಕೂರುವ ಒಂದೇ ಉದ್ದನೆಯ ಗಾದಿ. ಒಳಗೆ ಇಲಿಗಳು ಸಂಸಾರ ಹೂಡಿದ್ದವು. ಗುಢಿ ಪಾಡವಾಕ್ಕೆ, ಎಂದರೆ ನಮ್ಮ ಯುಗಾದಿಗೆ, ಭಾವುಸಾಹೇಬರು ಆ ಕಾರನ್ನು ರಸ್ತೆಗೆ ಇಳಿಸಬೇಕೆಂದಿದ್ದರು.

ಒಂದು ಮಧ್ಯಾಹ್ನ ಅವರೇ ನನ್ನ ಶೆಡ್ಡಿಗೆ ಬಂದರು. ನಮ್ಮ ಮಾತು ನಡೆದದ್ದು ಮರಾಠಿಯಲ್ಲಿ, ನನಗೆ ಬಂದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಜಿಬಾಯಿ, ಇಷ್ಟ್ಯಾಕ ತ್ರಾಸ ತಗೋತೀರಿ? ಫೋಮ್ ಹಾಕಿ ಮುಗಸ್ರಿ, ಜಲ್ದಿ ಆಗತದ."

"ಫೋಮ್ ಹಾಕಿದ್ರ ನಾಗಪುರದ ಬಿಸಲಾಗ ನೀವು ಹಂಚಿನ ಮ್ಯಾಲಿನ ರೊಟ್ಟಿ ಆಗತೀರಿ. ನಾರs ಹಾಕಾಕಿ ನಾನು."

ಅವರು ನಕ್ಕರು. ನಗುವ ಮನುಷ್ಯನೇ ಅವರು. ಅದೇ ಸಮಯವೆಂದು ನಾನು ಕೇಳಿದೆ: ಗಾಡೀಚಿ ಟ್ರಯಲ್ ಮೀ ಘೇಣಾರ. ಗಾಡಿಯ ಟ್ರಯಲ್ ನಾನು ತಗೊಳ್ಳುತ್ತೇನೆ.

"ಘ್ಯಾ ನಾ! ಕೋಣ ನಾಹೀ ಮ್ಹಣತಂಯ?" ಎಂದರು. ತಗೊಳ್ಳಿ, ಬೇಡ ಎಂದವರು ಯಾರು ಎಂದು!

ನನ್ನ ಸಂತೋಷವನ್ನು ಹೇಗೆ ಬರೆಯಲಿ? ಇಷ್ಟು ವರ್ಷ ಬಾಯಿ ಬಿಟ್ಟು ಕೇಳಿರಲಿಲ್ಲ, ಕೇಳಿದ ಕೂಡಲೇ ಸಿಕ್ಕಿತು ಎಂದುಕೊಂಡೆ. ಒಂದು ಸಂಗತಿ ಮಾತ್ರ ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಚೌಕಟ್ಟಿಗೆ ಗೋಣಿತಟ್ಟು ಬಡಿಯುವಾಗ ಸಣ್ಣ ಮೊಳೆಗಳನ್ನು ತುಟಿಯ ನಡುವೆ ಹಿಡಿದುಕೊಂಡು ಒಂದೊಂದಾಗಿ ತೆಗೆದು ಹೊಡೆಯುವುದು ನಮ್ಮ ಕಸುಬಿನ ರೂಢಿ. ಆ ಮಾತು ಆಡುವಾಗ ನನ್ನ ಬಾಯಿತುಂಬ ಮೊಳೆಗಳಿದ್ದವು.

ಗಾದಿಯನ್ನು ಮನಸಾರೆ ಕಟ್ಟಿದೆ. ಹುರಿಯ ಪ್ರತಿ ಗಂಟನ್ನೂ ಎಳೆದು ನೋಡಿದೆ. ಸೀಟಿನ ಎತ್ತರಕ್ಕೆ ಓಡಿಸುವವರ ಕಾಲಿನ ಅಳತೆ ಬೇಕು. ಭಾವುಸಾಹೇಬರೂ ನಾನೂ ಸರಿಯಾಗಿ ಒಂದೇ ಕುಳ್ಳು, ಆದ್ದರಿಂದ ಅವರನ್ನು ಮತ್ತೆ ಕರೆಸುವ ತಾಪತ್ರಯವೇ ಬರಲಿಲ್ಲ. ಆ ಕಾರಿನ ಗೇರು ಬದಲಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ಒಂದು ಸಲ ಗೇರು ಬಿಡಿಸಲು, ಇನ್ನೊಂದು ಸಲ ಹಾಕಲು ಎಂದು ಬಬನ್ ಹೇಳಿದ್ದ. ಹೊಲಿಗೆ ಯಂತ್ರದ ಪೆಡಲ್ ಮೇಲೆ ಕಾಲಿಟ್ಟು ಅದನ್ನು ರೂಢಿ ಮಾಡಿಕೊಂಡೆ. ಯಜಮಾನರು ಪೇಪರ್ ಕೆಳಗಿಟ್ಟು, "ಯಾವ ಊರಿಗೆ ಹೊಂಟೀ?" ಎಂದು ಕೇಳಿದರು. ನಾನು ಪೆಡಲನ್ನು ಇನ್ನೊಮ್ಮೆ ತುಳಿದೆ.

ಪಾಡವಾದ ಹಿಂದಿನ ದಿನ ಪಲ್ಲವಿಯೊಂದಿಗೆ ಗ್ಯಾರೇಜಿಗೆ ಹೋದೆ. ಕಾರನ್ನು ನೋಡಿ ನಿಂತುಬಿಟ್ಟೆ. ಕರಿ ಬಣ್ಣ, ಮೂಗಿನ ಮೇಲೆ ಬೆಳ್ಳಿಯಂತಹ ಜಾಲರಿ, ಒಳಗೆ ನನ್ನ ಕೆಂಪು ಗಾದಿ. ಬಬನ್ ಸುತ್ತು ಹಾಕಿ ಬಂದ, ಬ್ರೇಕಿನವನು ಬಂದ, ಭಾವುಸಾಹೇಬರೂ ಓಡಿಸಿ ಬಂದು ಮಗುವಿನ ಹಾಗೆ ಕುಣಿದರು. ಆಮೇಲೆ ನನ್ನತ್ತ ತಿರುಗಿ ಬಾಗಿಲು ತೆರೆದು, "ಬಸಾ, ಆಜಿಬಾಯಿ" ಎಂದರು. ಸ್ಟೇರಿಂಗಿನ ಹಿಂದೆ ಕುಳಿತೆ. ಅವರು ಹೊರಗೇ ನಿಂತು, "ಹ್ಯಾಂಗದ? ಮೆತ್ತಗದ ಅಲ್ಲ? ಆತು, ಇಳೀರಿ" ಎಂದರು.

"ಕೀಲಿ ಕೊಡ್ರಿ" ಎಂದೆ.

"ಕೀಲಿ ಯಾಕ?"

"ಟ್ರಯಲಿಗೆ. ನೀವs ಹೂಂ ಅಂದೀರಿ."

ಅವರು ಕೈಯಲ್ಲಿದ್ದ ಕೀಲಿಯನ್ನೂ ನನ್ನನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಾದಿ ಅಂದ್ರಲ್ಲ ನೀವು! ಗಾದಿ ಮ್ಯಾಲ ಕೂತು ನೋಡತೀನಿ ಅಂತಿದ್ದೀರಿ ಅಂತ ನಾ ಹೂಂ ಅಂದೆ. ಬಬನ್, ಕೇಳಿದಿ? ಇವರ ಕಾನಡಿ ಮರಾಠಿಯೊಳಗ ಗಾದಿ ಗಾಡಿ ಎಲ್ಲಾ ಒಂದs!"

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ನನ್ನ ಮೈಯೆಲ್ಲ ಉರಿಯಿತು. ಇಳಿದುಬಿಟ್ಟರೆ ಆ ನಗು ಮನೆಯವರೆಗೂ ಬೆನ್ನು ಹತ್ತುತ್ತಿತ್ತು, ಮುಂದಿನ ಪ್ರತಿ ಗಾದಿಗೂ ಮತ್ತೆ ಒಂದು ಫೋಟೋ ಬರುತ್ತಿತ್ತು, ಅಷ್ಟೆ. ಪಲ್ಲವಿ ಕಿಟಕಿಯ ಹತ್ತಿರ ಬಂದು ಮೆಲ್ಲಗೆ, "ಆಯಿ, ಉತರೂ ನಕೋಸ್" ಎಂದಳು. ಅಜ್ಜೀ, ಇಳಿಯಬೇಡ ಎಂದಳು ನನ್ನ ಬಂಗಾರ. ನಾನು ಇಳಿಯಲಿಲ್ಲ.

"ಆಗಲಿ, ಗಾದಿ ಅಂದದ್ದs ಖರೆ ಅನ್ರಿ" ಎಂದೆ. "ನಿಂತ ಗಾಡ್ಯಾಗ ಗಾದಿ ಟ್ರಯಲ್ ಹ್ಯಾಂಗ ಆಗತದ? ಬ್ರೇಕ್ ನಿಂತಲ್ಲೆ ನೋಡಿದ್ರೇನು? ನಿಂತಲ್ಲೆ ಕೂಡೂದಾದ್ರ ನಮ್ಮನಿ ಸೋಫಾ ಆಗತಿತ್ತು, ನಿಮ್ಮ ಕಾರs ಬೇಕಾಗಿದ್ದಿಲ್ಲ."

"ಆಜಿಬಾಯಿ, ನಿಮ್ಮ ವಯಸ್ಸು ನೋಡ್ರಿ..."

"ಗಾಡಿ ವಯಸ್ಸು ನನಗಿಂತ ಹೆಚ್ಚೈತಿ. ಅದನ್ನ ರಸ್ತಾಕ್ಕ ಬಿಡತೀರಿ, ನನ್ನ ಬಿಡೂದಿಲ್ಲ?"

ಈಗ ನಗುವವರು ನನ್ನ ಪಕ್ಷ ಸೇರಿದರು. ಬಬನ್ ಗಡ್ಡ ಕೆರೆದುಕೊಂಡು, "ಭಾವು, ಮಾವಶಿ ಬರೋಬರ್ ಹೇಳತಾರ. ಇಲ್ಲಿಯ ಪದ್ಧತಿ ಅದು" ಎಂದ. ಭಾವುಸಾಹೇಬರು ಕೀಲಿಯನ್ನು ನನ್ನ ಕೈಯಲ್ಲಿಟ್ಟರು, ಆದರೆ ತಾವೂ ಮುಂದೆಯೇ ಕೂರುವುದಾಗಿ ಹೇಳಿದರು. ನಡುವೆ ಪಲ್ಲವಿ, ಹಿಂದೆ ಬಬನ್.

ಮೊದಲ ಗೇರು ಬಿತ್ತು. ಎರಡನೆಯದು ಹಾಕುವಾಗ ಕರ್ರ್ ಎಂದಿತು. "ಅರೆ ದೇವಾ!" ಎಂದು ಭಾವುಸಾಹೇಬರು ಎದೆ ಹಿಡಿದುಕೊಂಡರು. ಮುಂದಿನ ಸಲ ಹೊಲಿಗೆ ಯಂತ್ರದ ಪೆಡಲನ್ನು ನೆನೆಸಿಕೊಂಡು ಎರಡು ಸಲ ತುಳಿದೆ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೇರು ಇಳಿಯಿತು. ಆಮೇಲೆ ಏನು ಹೇಳಲಿ! ಆ ಕಾರು ಓಡುವುದಿಲ್ಲ, ತೇಲುತ್ತದೆ. ಉದ್ದನೆಯ ಮೂತಿ ಮುಂದೆ ಮುಂದೆ ಹೋಗುತ್ತಿತ್ತು, ನಾವು ಹಿಂದಿನಿಂದ ಹೋಗುತ್ತಿದ್ದೆವು. ಸ್ಕೂಟರಿನವರು ಮೊದಲು ಕಾರು ನೋಡಿ, ಆಮೇಲೆ ನನ್ನನ್ನು ನೋಡಿ, ತಮ್ಮ ದಾರಿ ಮರೆಯುತ್ತಿದ್ದರು. ನಾನು ಹಾರ್ನ್ ಹೊಡೆದೆ, ಸುಮ್ಮನೇ, ಖುಷಿಗೆ. ನನ್ನ ಸ್ಪ್ರಿಂಗುಗಳು ಕೆಳಗೆ ಉಸಿರಾಡುತ್ತಿದ್ದವು.

ಒಂದು ಕಡೆ ಬಲಕ್ಕೆ ತಿರುಗಿಸಿದೆ. ಮೈ ಎಡಕ್ಕೆ ಜಾರಿತು.

"ಆಯಿ, ನನ್ನ ಮ್ಯಾಲ ಬೀಳಾಕತ್ತೀ!" ಎಂದು ಪಲ್ಲವಿ ನಕ್ಕಳು. ನಾನು ನಗಲಿಲ್ಲ. ಸುಮ್ಮನೆ ಇನ್ನೊಂದು ಬಲ ತಿರುವು ಹುಡುಕಿ ಮತ್ತೆ ತಿರುಗಿಸಿದೆ. ಮತ್ತೆ ಜಾರಿದೆ.

ಅಷ್ಟರಲ್ಲಿ ಎಂಜಿನ್ ಕೆಮ್ಮಿ, ತಡವರಿಸಿ, ನಿಂತುಬಿಟ್ಟಿತು. ನೆತ್ತಿಯ ಮೇಲೆ ಬಿಸಿಲು, ಹಿಂದೆ ಕಲ್ಲಿದ್ದಲಿನ ಲಾರಿಗಳ ಹಾರ್ನು. ಭಾವುಸಾಹೇಬರ ಮುಖ ಕೆಂಪಾಯಿತು. "ಆತಲ್ಲ ಈಗ? ಸರೀರಿ, ನಾ ಓಡಸ್ತೀನಿ."

ಬಬನ್ ಬಾನೆಟ್ ಎತ್ತಿ ಕೈಯಾಡಿಸಿದ. "ಮಾವಶಿದೇನೂ ತಪ್ಪಿಲ್ಲ ಭಾವು, ವೇಪರ್ ಲಾಕ್" ಎಂದ. ಸೆಕೆಗೆ ಪೈಪಿನೊಳಗಿನ ಪೆಟ್ರೋಲು ಆವಿಯಾಗಿಬಿಡುತ್ತದೆ. ಪಂಪು ಆವಿಯನ್ನೇ ಎಳೆಯುತ್ತಾ ಕೂರುತ್ತದೆ, ಎಂಜಿನ್ನಿಗೆ ಪೆಟ್ರೋಲು ಮುಟ್ಟುವುದಿಲ್ಲ. ಹಳೆಯ ಕಾರುಗಳಿಗೆ ಇದು ಬೇಸಿಗೆಯ ರೋಗ. ಪಲ್ಲವಿ ತಲೆಗೆ ಸುತ್ತಿಕೊಂಡಿದ್ದ ಓಢಣಿಯನ್ನು ಬಿಚ್ಚಿ, ಬಾಟಲಿಯ ನೀರಿನಲ್ಲಿ ತೋಯಿಸಿ ಕೊಟ್ಟಳು. ಬಬನ್ ಅದನ್ನು ಪಂಪಿಗೆ ಸುತ್ತಿದ. ಪಂಪು ತಣ್ಣಗಾಗುವವರೆಗೂ ಭಾವುಸಾಹೇಬರು ನನ್ನ ಬಾಗಿಲ ಹತ್ತಿರವೇ ನಿಂತಿದ್ದರು.

"ಇಳೀರಿ ಆಜಿಬಾಯಿ, ಹಟ ಸಾಕು."

"ಟ್ರಯಲ್ ಅಂದ್ರ ಹೋಗಿ ಬರೂದು. ನಾ ಬರೇ ಹೋಗೀನಿ, ಇನ್ನೂ ಬಂದಿಲ್ಲ."

ಲಾರಿಯ ಡ್ರೈವರೊಬ್ಬ ತಲೆ ಹೊರಗೆ ಹಾಕಿ, "ಅರೆ ಚಲಾನೇ ದೋ ಅಮ್ಮಾಕೋ!" ಎಂದು ಕೂಗಿದ, ಅಮ್ಮ ಓಡಿಸಲಿ ಬಿಡಿ ಎಂದು. ಎಂಜಿನ್ ಹತ್ತಿಕೊಂಡಿತು. ಭಾವುಸಾಹೇಬರು ಗೊಣಗುತ್ತಾ ಆ ಕಡೆಯಿಂದ ಹತ್ತಿದರು. ಗ್ಯಾರೇಜಿನ ಬಾಗಿಲಿಗೆ ಕಾರನ್ನು ತಂದು ನಿಲ್ಲಿಸಿದವಳು ನಾನೇ.

ಎಲ್ಲರೂ ಸುತ್ತ ನಿಂತರು. ಬಬನ್ ಪದ್ಧತಿಯಂತೆ ಕೇಳಿದ, "ಬೋಲಾ ಮಾವಶಿ, ಏನ ಕೊರತಿ?"

"ಗಾದಿ ಬಿಚ್ಚು" ಎಂದೆ.

"ಏನು?" ಎಂದರು ಭಾವುಸಾಹೇಬರು.

"ಬಲಕ್ಕ ತಿರುಗಿದ್ರ ಓಡಸವರು ನಡಕ್ಕ ಜಾರತಾರ. ಗಾದಿ ಸಪಾಟ ಆಗೇತಿ. ನಡುವ ನಾರ ಏರಿಸಿ, ಓಡಸವರ ಜಾಗಾಕ್ಕ ಒಂದ ತಗ್ಗ ಕೊಡಬೇಕು. ನಂದs ತಪ್ಪು."

"ಆಜಿಬಾಯಿ, ನಾಳೆ ಪಾಡವಾ! ನಾನೂ ಈಗಷ್ಟೇ ಓಡಿಸಿದೆ, ನನಗೇನೂ ಆಗಲಿಲ್ಲ."

"ನೀವು ಸ್ಟೇರಿಂಗಿಗೆ ಜೋತು ಬಿದ್ದು ಕೂತಿದ್ದಿರಿ. ಇನ್ನೊಮ್ಮೆ ತಿರುಗಿಸಿ ನೋಡ್ರಿ."

ಅವರು ಹೋದರು. ತಿರುಗಿಸಿ ಬಂದು, ಇಳಿದು, ಬಿಚ್ಚು ಎಂದು ಬಬನ್ ಕಡೆ ಕೈ ಮಾಡಿದರು. ಗಾದಿ ಬಿಚ್ಚಲಾಯಿತು. ಪಾಡವಾದ ದಿನ ಆ ಕಾರು ಮುಂದಿನ ಸೀಟಿಲ್ಲದೆ ಗ್ಯಾರೇಜಿನಲ್ಲೇ ಹಾರ ಹಾಕಿಸಿಕೊಂಡಿತು. ಬಿಚ್ಚಿದ ದಿನವೇ ಗಾದಿಯನ್ನು ಆಟೋಗೆ ಏರಿಸುವಾಗ ಭಾವುಸಾಹೇಬರಿಗೆ ಏನೋ ಹೊಳೆಯಿತು, ಹಣೆ ಚಚ್ಚಿಕೊಂಡರು.

"ಅಂದ್ರ... ಇದನ್ನ ರಿಪೇರಿ ಮಾಡಿದ ಮ್ಯಾಲ ಮತ್ತ ಟ್ರಯಲ್?"

"ಮತ್ತ ಟ್ರಯಲ್" ಎಂದೆ. ಪಲ್ಲವಿ ಆಟೋದಲ್ಲಿ ದಾರಿಯುದ್ದಕ್ಕೂ ನಕ್ಕಳು, ನಾನೂ ನಕ್ಕೆ. ನಡುವೆ ಗಾದಿ ಇದ್ದುದರಿಂದ ಒಬ್ಬರಿಗೊಬ್ಬರು ಮುಖ ಕಾಣುತ್ತಿರಲಿಲ್ಲ.

ಎರಡನೆಯ ಟ್ರಯಲ್ ಮರುವಾರ ಆಯಿತು. ಜಾರಲಿಲ್ಲ. ಆ ಸಲ ಕೀಲಿಯನ್ನು ಕೇಳಬೇಕಾಗಲಿಲ್ಲ, ಅದು ಸ್ಟೇರಿಂಗಿನ ಪಕ್ಕದಲ್ಲಿ ತನ್ನ ಜಾಗದಲ್ಲೇ ಇತ್ತು.

ಇಷ್ಟು ವರ್ಷ ಗಾದಿಗಳನ್ನು ಕಟ್ಟಿ ಕಟ್ಟಿ ಕಳಿಸಿದ್ದೇನೆ. ಅವುಗಳ ಮೇಲೆ ಎಷ್ಟು ಜನ ಯಾವ ಯಾವ ತಿರುವಿನಲ್ಲಿ ಜಾರಿದರೋ, ನನಗೆ ಹೇಳಿದವರಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ, ನನ್ನನ್ನು ಯಾರೂ ಕೂರಿಸಿರಲಿಲ್ಲ. ಟ್ರಯಲನ್ನು ಬಹುಮಾನವೆಂದು ಕೊಡುವವರಿದ್ದಾರೆ, ಮೆಹರ್ಬಾನಿ ಎಂದು ಕೊಡುವವರೂ ಇದ್ದಾರೆ. ನನಗೆ ನನ್ನ ಕೆಲಸ ಕಲಿಸಿದ್ದು ಬೇರೆ. ಟ್ರಯಲ್ ಎಂದರೆ ಕೆಲಸದ ಕೊನೆಯ ಹೊಲಿಗೆ, ಅದನ್ನು ಹಾಕುವವರೆಗೆ ಸೂಜಿ ಕೆಳಗಿಡಬಾರದು. ಯಾರು ನಕ್ಕರೂ ಸರಿ, ಹಿಂದೆ ಎಷ್ಟು ಲಾರಿಗಳು ಹಾರ್ನ್ ಹೊಡೆದರೂ ಸರಿ.