ಮಾವನ ದಿಬ್ಬದ ಉಪ್ಪು

ದನದ ನಾಲಿಗೆ ಮಣ್ಣಿಗೆ ಉಜ್ಜಿದರೆ ಎಂಥ ಸದ್ದು ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ತೆಂಗಿನ ನಾರಿನಿಂದ ರೊಟ್ಟಿಯ ಹಂಚು ತಿಕ್ಕಿದ ಹಾಗೆ ಇರುತ್ತದೆ. ಒಂದು ಇಡೀ ಬೇಸಿಗೆ ಆ ಸದ್ದನ್ನು ಸಂಜೆ ಸಂಜೆಗೂ ಕೇಳಿದ್ದೇನೆ. ಒಲೆಯ ಮುಂದೆ ಕೂತಾಗಲೂ ಕಿವಿ ಮಾತ್ರ ಹಿತ್ತಲ ಬಾಗಿಲಿನಾಚೆಗೇ ಇರುತ್ತಿತ್ತು. ಹಿತ್ತಲಿಗೆ ಹೊಂದಿಕೊಂಡೇ ನಮ್ಮ ಹೊಲ, ಹೊಲದ ಬದುವಿನಲ್ಲಿ ಒಂದು ಬೇವಿನ ಮರ, ಮರದ ಹತ್ತಿರ ನಮ್ಮ ಮಾವನನ್ನು ಮಣ್ಣು ಮಾಡಿದ ದಿಬ್ಬ. ದನಗಳು ನೆಕ್ಕುತ್ತಿದ್ದದ್ದು ಆ ದಿಬ್ಬವನ್ನು.

ನಾನು ಆಂಧ್ರದ ಗಡಿಯ ರಾಯದುರ್ಗದ ಪೇಟೆಯಲ್ಲಿ ಬೆಳೆದವಳು. ಅಪ್ಪನದು ಅಂಗಡಿ, ಮನೆಗೆ ಬರುತ್ತಿದ್ದದ್ದು ಪಾಕೀಟು ಹಾಲು. ಆಕಳಿಗೆ ಮುಂದೆ ಹಲ್ಲಿರುವುದು ಕೆಳಗಿನ ಸಾಲಿಗೆ ಮಾತ್ರ ಎಂಬುದೂ ಗೊತ್ತಿಲ್ಲದ ಹುಡುಗಿಯನ್ನು ಈ ಹಳ್ಳಿಗೆ ಕೊಟ್ಟರು. ಗಂಡ ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುವವರು. ಹೀಗಾಗಿ ದನದ ವಿದ್ಯೆಯನ್ನೆಲ್ಲ ನನಗೆ ಕಲಿಸಿದ್ದು ಮಾವ. ಮೊದಲ ಸಲ ಕೆಚ್ಚಲಿಗೆ ಕೈ ಹಾಕಿದಾಗ ಕೆಂದಾಕಳು ಒದ್ದು ಚೊಂಬು ಹಾರಿಸಿತು. ನಾನು ಅದರ ವಂಶವನ್ನೆಲ್ಲ ಬೈದೆ. ಮಾವ ನಕ್ಕು, "ಆಕಿನ್ನ ಬೈಬ್ಯಾಡವ್ವ, ನಿನ್ನ ಬಳೆ ಸದ್ದು ಆಕಿಗೆ ಹೊಸದು" ಎಂದರು. ಮರುದಿನದಿಂದ ಹಾಲು ಕರೆಯುವಾಗ ಬಳೆಗಳನ್ನು ಮೇಲೆ ಸರಿಸಿ ಸೆರಗು ಸುತ್ತಿಕೊಳ್ಳುವುದನ್ನು ಕಲಿತೆ.

ಸಂಜೆ ದನ ಕರೆಯಲು ಮಾವನದೊಂದು ಕೂಗಿತ್ತು. "ಹೋ… ಬಾರವ್ವ… ಬಾ" ಎಂದು ಎಳೆದು, ಕೊನೆಯ "ಬಾ" ಬರುವಷ್ಟರಲ್ಲಿ ದನಿಯನ್ನು ಇಳಿಸಿಬಿಡುತ್ತಿದ್ದರು, ಮಗುವನ್ನು ಮಲಗಿಸುವವರ ಹಾಗೆ. ಗುಡ್ಡದ ಕೆಳಗೆ ಊರ ದನದ ಜೊತೆ ಮೇಯುತ್ತಿದ್ದ ನಮ್ಮವು ಆ ಕೂಗಿಗೆ ತಲೆ ಎತ್ತಿ, ಬೇರೆಯವರ ದನಗಳನ್ನು ದೂಕಿಕೊಂಡು ಬರುತ್ತಿದ್ದವು.

ಚಳಿಗಾಲದಲ್ಲಿ ಮಾವ ಹೋದರು. ಜ್ವರ ಎಂದು ಮಲಗಿದವರು ಏಳಲೇ ಇಲ್ಲ. ನಮ್ಮಲ್ಲಿ ಸುಡುವುದಿಲ್ಲ. ಸ್ವಂತ ಹೊಲದಲ್ಲಿ ಗುಣಿ ತೋಡಿ, ಕೂರಿಸಿ, ಸುತ್ತ ಉಪ್ಪು, ವಿಭೂತಿ, ಪತ್ರೆ ತುಂಬಿ ಮಣ್ಣು ಕೊಡುತ್ತೇವೆ. ಅಂದು ಉಪ್ಪಿನ ಚೀಲಗಳ ಬಾಯಿ ಬಿಚ್ಚಿಕೊಟ್ಟವರು ಅತ್ತೆ. ಹೆಂಗಸರೆಲ್ಲ ಗೋಳಾಡುತ್ತಿದ್ದರೆ ಅತ್ತೆ ಹಲ್ಲಿನಿಂದ ದಾರ ಹರಿದು, "ಇಷ್ಟ ಸಾಕೇನ್ರಿ, ಇನ್ನೊಂದು ಬೇಕೇನ್ರಿ" ಎಂದು ಕೇಳುತ್ತಿದ್ದರು. ಗುಣಿ ತುಂಬಿದ ಮೇಲೆ ಮಿಕ್ಕ ಉಪ್ಪನ್ನು ಮನೆಗೆ ತರಬಾರದೆಂದು ದಿಬ್ಬದ ಮೇಲೆಯೇ ಸುರಿದರು. ಅತ್ತೆಯ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಗಟ್ಟಿ ಎದೆ ಎಂದು ಊರು ಮಾತಾಡಿಕೊಂಡಿತು. ನಾನೂ ಹಾಗೇ ಅಂದುಕೊಂಡೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ಅಡ್ಡಮಳೆ ಬಂದು ಹೋಯಿತು. ಅದಾದ ಮೇಲೆ ಒಂದು ಸಂಜೆ ದನಗಳು ಕೊಟ್ಟಿಗೆಗೆ ಬರುವ ಬದಲು ಬೇವಿನ ಮರದ ಕಡೆ ತಿರುಗಿದವು. ಕೆಂದಾಕಳು ಮುಂದೆ, ಉಳಿದವು ಹಿಂದೆ. ದಿಬ್ಬದ ಸುತ್ತ ತಲೆ ತಗ್ಗಿಸಿ ನಿಂತವು. ಯಾರೂ ಕರೆದಿರಲಿಲ್ಲ. ನಾನು ದೆವ್ವ ಭೂತ ನಂಬುವವಳಲ್ಲ, ನಂಬುವವರನ್ನು ಕಂಡರೆ ಸಿಟ್ಟು ಬರುತ್ತದೆ. ಆದರೂ ಬಾಗಿಲ ಚೌಕಟ್ಟು ಹಿಡಿದು ನಿಂತವಳು ಹೊಸ್ತಿಲು ದಾಟಲಿಲ್ಲ. ಯಾರೋ ನನಗೆ ಕೇಳದ ದನಿಯಲ್ಲಿ "ಬಾರವ್ವ" ಎಂದು ಕರೆದ ಹಾಗಿತ್ತು ಅವುಗಳ ನಡಿಗೆ.

ಮರುದಿನವೂ ಹೋದವು. ಅದರ ಮರುದಿನವೂ. ಸುದ್ದಿ ಊರಲ್ಲಿ ಹಬ್ಬಿತು. "ಮೂಕ ಪ್ರಾಣಿ ಆದ್ರೂ ಯಜಮಾನನ್ನ ಮರ್ತಿಲ್ಲ ನೋಡ್ರಿ" ಎಂದು ಜನ ಬಂದು ನೋಡಿ ಕೈ ಮುಗಿದು ಹೋದರು. ಯಾರೋ ಕೆಂದಾಕಳಿನ ಕಾಲು ತೊಳೆದು ಕುಂಕುಮ ಹಚ್ಚಿದರು. ಅತ್ತೆ ಮರದ ಬುಡದಲ್ಲಿದ್ದ ಚಪ್ಪಡಿ ಕಲ್ಲಿನ ಮೇಲೆ ಕೂರತೊಡಗಿದರು. ಸಂಜೆ ಆಗುತ್ತಲೇ, "ದನ ಬಂದಾವೇನ, ನೋಡ್ಕೊಂಡು ಬರ್ತೀನಿ" ಎಂದು ಸೆರಗು ಹೊದ್ದು ಹೊರಟುಬಿಡುತ್ತಿದ್ದರು. ಅವುಗಳ ನಡುವೆ ಕೂತು ತುಟಿ ಅಲ್ಲಾಡಿಸುತ್ತಿದ್ದದ್ದು ದೂರದಿಂದ ಕಾಣುತ್ತಿತ್ತು. ಏನು ಮಾತಾಡುತ್ತಿದ್ದರೋ ತಿಳಿಯದು. ನಾನು ಹತ್ತಿರ ಹೋದರೆ ಬಾಯಿ ಮುಚ್ಚುತ್ತಿತ್ತು.

ದಿಬ್ಬ ಮಾತ್ರ ದಿನದಿನಕ್ಕೆ ತಗ್ಗುತ್ತಿತ್ತು. ವರ್ಷ ತುಂಬಿದ ಮೇಲೆ ಕಲ್ಲು ಹಾಕಿಸೋಣ ಎಂದು ಬಿಟ್ಟಿದ್ದ ಹಸಿ ಮಣ್ಣು ಅದು. ನಾಲಿಗೆ ಆಡಿದಲ್ಲೆಲ್ಲ ನುಣುಪಾಗಿ, ನಡುವೆ ಒಂದು ತಗ್ಗು ಬಿತ್ತು. ಮೊದಲು ಊಟದ ತಟ್ಟೆಯಷ್ಟಿತ್ತು. ಆಮೇಲೆ ರುಬ್ಬುವ ಕಲ್ಲಿನ ಗುಂಡಿಯಷ್ಟಾಯಿತು.

ಅದೇ ಹೊತ್ತಿಗೆ ಕೆಂದಾಕಳು ಸೊರಗಿತು. ಗಬ್ಬದ ಆಕಳು, ಕರು ಹಾಕಲು ಹೆಚ್ಚು ದಿನವಿರಲಿಲ್ಲ. ಮೈ ಕೂದಲು ಒರಟಾಯಿತು. ಕಟ್ಟಿದ ಹಗ್ಗ ಅಗಿಯಿತು, ಒಣಹಾಕಿದ ನನ್ನ ಸೀರೆಯ ಅಂಚು ತಿಂದಿತು, ಕೊಟ್ಟಿಗೆಯ ಗೋಡೆಯ ಸುಣ್ಣ ನೆಕ್ಕಿತು. ಪಶು ಆಸ್ಪತ್ರೆಯ ಡಾಕ್ಟರನ್ನು ಕರೆಸಿದೆ. ಆ ಕಡೆಯ ತೆಲುಗು ಊರಿನ ಹುಡುಗ, ನಮ್ಮ ಕನ್ನಡವನ್ನು ತನಗೆ ಬಂದ ಹಾಗೆ ಆಡುವವನು. ಕಣ್ಣ ರೆಪ್ಪೆ ಬಿಡಿಸಿ ನೋಡಿ, "ಮಣ್ಣು ತಿಂತಾವಾ ಅಮ್ಮಾ?" ಎಂದ.

"ನೆಕ್ತಾವ್ರಿ" ಎಂದೆ. ಎಲ್ಲಿ ಎಂದು ಹೇಳಲಿಲ್ಲ.

"ಲವಣ ತಕ್ಕುವ, ಕಮ್ಮಿ ಇದೆ ಅಮ್ಮಾ. ಒಣ ಸೊಪ್ಪೆ, ಶೇಂಗಾ ಹೊಟ್ಟು ಇಷ್ಟೇ ಹಾಕಿದ್ರೆ ಹೀಗೇ ಆಗೋದು. ಉಪ್ಪು ಇರೋ ಮಣ್ಣು ಎಲ್ಲಿದ್ರೂ ಮೂಸಿ ಹಿಡೀತಾವೆ. ಎಲುಬು ಸಿಕ್ಕಿದ್ರೆ ಅದನ್ನೂ ಕಡೀತಾವೆ, ಬಿಡಲ್ಲ. ಎಲುಬಲ್ಲಿ ಇರೋದೇ ಇವಕ್ಕೆ ಬೇಕಾದ್ದು." ಕೈ ತೊಳೆಯುತ್ತಾ ನಗುನಗುತ್ತಲೇ ಹೇಳಿದ. "ಈಗಿಂದ ಖನಿಜ ಮಿಶ್ರಣ ಹಾಕಿ. ಇಲ್ಲ ಅಂದ್ರೆ ಕರು ಹಾಕಿದ ಮೇಲೆ ಇದು ಎದ್ದು ನಿಲ್ಲಲ್ಲ."

ನಾನು ಅವನ ಕೈಗೆ ಸುರಿಯಬೇಕಾದ ನೀರನ್ನು ನನ್ನ ಕಾಲಿಗೇ ಸುರಿದುಕೊಂಡೆ. ಪಾಪ, ಬೇವಿನ ಮರದ ಕೆಳಗೆ ಏನಿದೆ ಎಂದು ಅವನಿಗೇನು ಗೊತ್ತು.

ಅವನು ಹೋದ ಮೇಲೆ ದಿಬ್ಬದ ಹತ್ತಿರ ಹೋಗಿ ಆ ತಗ್ಗಿನೊಳಗೆ ಕೈ ಇಟ್ಟೆ. ಜೊಲ್ಲು ಒಣಗಿ ಮಣ್ಣು ಗಟ್ಟಿಯಾಗಿತ್ತು, ಅಲ್ಲಲ್ಲಿ ಬೆಳ್ಳಗೆ ಉಪ್ಪು ಮೇಲೆದ್ದಿತ್ತು. ಆಳುದ್ದದ ಗುಣಿ ತೋಡಿದ್ದಾರೆ, ಅಲ್ಲಿಗೆ ನಾಲಿಗೆ ಮುಟ್ಟುವ ಮಾತೇ ಇಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಬುದ್ಧಿಯ ಮಾತು ಯಾರು ಕೇಳುತ್ತಾರೆ! ನನಗೆ ಕಾಣುತ್ತಿದ್ದದ್ದು ಒಳಗೆ ಚಕ್ಕಳಮಕ್ಕಳ ಹಾಕಿ ಕೂತ ಮಾವ, ಮೇಲಿನಿಂದ ಬರುತ್ತಿರುವ ಸದ್ದನ್ನು ಕೇಳುತ್ತಿರುವ ಮಾವ. ಅಂದು ಸಂಜೆ ದನಗಳು ಬಂದಾಗ ಜಾಲಿ ಮುಳ್ಳಿನ ಕೊಂಬೆ ಎಳೆದು ತಂದು ದಿಬ್ಬದ ಮೇಲೆ ಹಾಕಲು ಹೋದೆ.

ಅತ್ತೆ ಎದ್ದು ಬಂದು ಕೊಂಬೆ ಕಿತ್ತುಕೊಂಡರು. "ನಿಮ್ಮ ಮಾವನ ಮ್ಯಾಲೆ ಮುಳ್ಳು ಹಾಕ್ತಿಯೇನ? ಬುದ್ಧಿ ಎಲ್ಲಿ ಇಟ್ಟೀದಿ?"

"ಆಕಳು ಸಾಯ್ತದ್ರಿ ಅತ್ತಿ."

"ಆಕಳಿಗೆ ಏನ್ ಬೇಕೋ ತಂದ್ಹಾಕು. ಇಲ್ಲಿಗೆ ಬರಾದು ಬ್ಯಾಡ ಅನ್ನಬ್ಯಾಡ." ಮುಳ್ಳು ಚುಚ್ಚಿ ಅವರ ಅಂಗೈಯಲ್ಲಿ ರಕ್ತ ಬಂದಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಕಲ್ಲಿನ ಮೇಲೆ ಕೂತರು.

ಮರುದಿನ ರಾಯದುರ್ಗಕ್ಕೆ ಹೋದೆ. ದನದ ಹಿಂಡಿ ಮಾರುವ ಅಂಗಡಿಯವರು ಹಣೆತುಂಬ ವಿಭೂತಿ ಹಚ್ಚಿದ, ನಮ್ಮ ಅಪ್ಪನ ಪರಿಚಯದವರು. "ಬರ್ರಿ ತಂಗಿ" ಎಂದು ಖನಿಜ ಮಿಶ್ರಣದ ಒಂದೊಂದೇ ಚೀಲ ಇಳಿಸಿ ತೋರಿಸಿದರು. ಎಲ್ಲದರ ಮೇಲೂ ತೆಲುಗು ಅಕ್ಷರ, ನಮ್ಮ ಸೀಮೆಯಲ್ಲಿ ಯಾರೂ ಕಾಣದಷ್ಟು ದೊಡ್ಡ ಕೆಚ್ಚಲಿನ ಆಕಳಿನ ಚಿತ್ರ. ನಾನು ಒಂದೇ ಮಾತು ಕೇಳಿದೆ: "ಇದ್ರಾಗ ಎಲುಬಿನ ಪುಡಿ ಏನಾರ ಐತೇನ್ರಿ?"

"ಕೊಳ್ಳಾಗ ಲಿಂಗ ಕಟ್ಕೊಂಡು ಎಲುಬು ಮಾರ್ತೀನೇನು? ಇದು ಕಲ್ಲಿನ ಪುಡಿ ತಂಗಿ."

"ಆ ಮೂಲ್ಯಾಗಿನ ಚೀಲ?"

"ಅದನ್ನ ಮಾತ್ರ ಕೇಳಬ್ಯಾಡ್ರಿ" ಎಂದು ನಕ್ಕರು.

ಆಮೇಲೆ ಉಪ್ಪು, ಖನಿಜ ಸೇರಿಸಿ ಅಚ್ಚು ಹಾಕಿದ ಒಂದು ಇಟ್ಟಿಗೆ ತೋರಿಸಿದರು. ಮಾಸಲು ಕೆಂಪು, ನಡುವೆ ಹಗ್ಗಕ್ಕೊಂದು ತೂತು. ತೂಗಹಾಕಿದರೆ ದನಗಳೇ ಬೇಕಾದಾಗ ನೆಕ್ಕುತ್ತವೆ, ನಿಮಗೆ ಕೆಲಸವಿಲ್ಲ ಎಂದರು. ನನಗೆ ಒಗ್ಗಲಿಲ್ಲ. ಇಟ್ಟಿಗೆ ಹಾಕಿದರೆ ಜೋರಿನ ದನ ನೆಕ್ಕುತ್ತದೆ, ಸೊರಗಿದ್ದು ನೋಡುತ್ತಾ ನಿಲ್ಲುತ್ತದೆ. ಪುಡಿಯಾದರೆ ಯಾರ ಹೊಟ್ಟೆಗೆ ಎಷ್ಟು ಹೋಯಿತೆಂದು ಗೊತ್ತಾಗುತ್ತದೆ. ಜೊತೆಗೆ, ನಿಜ ಹೇಳಬೇಕೆಂದರೆ, ನೆಕ್ಕುವ ಸದ್ದು ಇನ್ನು ಮೇಲೆ ಕೇಳಲೇಬಾರದು ಎಂದು ನನಗೆ ಅನ್ನಿಸಿತ್ತು. ಪುಡಿಯ ಚೀಲ, ಒಂದಿಷ್ಟು ಕಲ್ಲುಪ್ಪು ಹೊತ್ತು ಬಂದೆ.

ಮೊದಲು ದನಗಳು ಮೂಸಿ ಮುಖ ತಿರುಗಿಸಿದವು. ತಂದು ಹಾಕಿದವಳಿಗೆ ಹೇಗಾಗಬೇಡ! ಹಿಂಡಿಯ ನೀರಿಗೆ ಬೆಲ್ಲ ಕದಡಿ ಅದರಲ್ಲಿ ಕಲಸಿಟ್ಟೆ. ಕೆಂದಾಕಳು ಒಪ್ಪಿದ ಮೇಲೆ ಉಳಿದವೂ ಒಪ್ಪಿದವು. ಬರಬರುತ್ತಾ ಮೈ ಮಿಂಚಿತು, ಹಗ್ಗ ಅಗಿಯುವುದು ನಿಂತಿತು. ದಿಬ್ಬದ ಹತ್ತಿರ ನಿಲ್ಲುವುದು ದಿನದಿನಕ್ಕೆ ಕಡಿಮೆಯಾಯಿತು. ಒಂದು ಸಂಜೆ ಗುಡ್ಡದ ಕಡೆಯಿಂದ ಮರಳಿದ ದನಗಳು ಬೇವಿನ ಮರದ ಕಡೆ ತಲೆಯೂ ತಿರುಗಿಸದೆ ನೇರ ಕೊಟ್ಟಿಗೆಯ ಗೋದಲಿಗೆ ಬಂದು ನಿಂತವು. ಕೆಲವೇ ದಿನಕ್ಕೆ ಕೆಂದಾಕಳು ಕರು ಹಾಕಿ, ಕರುವಿಗಿಂತ ಮೊದಲು ತಾನೇ ಎದ್ದು ನಿಂತಿತು. ನಾನು ಕೊಟ್ಟಿಗೆಯಲ್ಲೇ ಕೂತು ಖುಷಿಗೆ ಅತ್ತುಬಿಟ್ಟೆ.

ಹೊರಗೆ ಬಂದಾಗ ಅತ್ತೆ ಆ ಕಲ್ಲಿನ ಮೇಲೆ ಒಬ್ಬರೇ ಕೂತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ, "ಯಾಕಬೇ ಮುದುಕಿ, ದನ ಇಲ್ಲ ಏನಿಲ್ಲ, ಒಬ್ಬಾಕಿನೇ ಕುಂತೀದಿ?" ಎಂದು ಕೂಗಿ ಕೇಳಿದಳು. ಅತ್ತೆ ಎದ್ದು ಒಳಗೆ ಬಂದರು. ಮರುದಿನದಿಂದ ಅತ್ತ ಹೋಗುವುದನ್ನೇ ಬಿಟ್ಟರು. ಸಂಜೆ ಆದರೆ ಪಡಸಾಲೆಯ ಕಂಬಕ್ಕೆ ಒರಗಿ ಕೂರುವರು, ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುವರು. ಕರುವನ್ನು ಸಹ ನೋಡಲು ಬರಲಿಲ್ಲ. ಕಣ್ಣಮುಂದೆಯೇ ಇಳಿದುಹೋಗುತ್ತಿದ್ದರು. ಗಂಡ ಡಾಕ್ಟರಿಗೆ ತೋರಿಸೋಣ ಎಂದರೆ, "ನನಗೇನಾಗ್ಯದ" ಎಂದು ಮುಖ ಆಚೆ ಮಾಡಿದರು.

ಒಂದು ದಿನ ನನ್ನ ಸಿಟ್ಟು ನೆತ್ತಿಗೇರಿತು. "ಅತ್ತಿ, ದನ ಮಾವನ್ನ ಮರ್ತಾವ ಅಂತ ಊಟ ಬಿಟ್ರೆ ಹ್ಯಾಂಗ್ರಿ? ಅವು ಬರ್ತಿದ್ದದ್ದು ಮಾವನ ಸಲುವಾಗಿ ಅಲ್ಲ, ಉಪ್ಪಿನ ಸಲುವಾಗಿ!"

ಅತ್ತೆ ನನ್ನನ್ನೇ ನೋಡಿದರು. "ಅದು ನನಗ ಗೊತ್ತಿಲ್ಲೇನ? ಚೀಲದ ಬಾಯಿ ಬಿಚ್ಚಿದಾಕಿ ನಾನ."

"ಮತ್ತ ಯಾಕ್ರಿ…"

"ದನ ಬರ್ತಿದ್ವು, ನಾನೂ ಹೋಗ್ತಿದ್ದೆ. ದನ ನೋಡಾಕ ಕುಂತಾಳ ಮುದುಕಿ ಅಂತಿದ್ರು ಜನ. ಈಗ ಸುಮ್ನ ಹೋಗಿ ಕುಂತ್ರ ಏನಂತಾರ? ಈ ವಯಸ್ಸಿನಾಗ ಗಂಡನ ನೆನಸ್ಕೊಂಡು ಅಳ್ತಾ ಕುಂತಾಳ ಅಂತಾರ. ನನಗ ನಾಚ್ಕಿ ಬರ್ತೈತವ್ವ." ಇಷ್ಟು ಹೇಳಿ ಸೆರಗನ್ನು ಬಾಯಿಗೆ ತುಂಬಿಕೊಂಡರು. ಮಾವ ಹೋದ ದಿನ ಬರಬೇಕಿದ್ದ ಅಳು ಅಂದು ಬಂತು. ನಾನು ಪಕ್ಕದಲ್ಲಿ ಕೂತು ಅವರ ಬೆನ್ನು ನೇವರಿಸಿದೆ.

ಆ ವಾರವೇ ಗಂಡ, ವರ್ಷ ತುಂಬುವವರೆಗೆ ಕಾಯದೆ, ಆಳುಗಳನ್ನು ಕರೆಸಿ ದಿಬ್ಬದ ತಗ್ಗು ತುಂಬಿಸಿ, ಮೇಲೆ ಕಲ್ಲು ಚಪ್ಪಡಿ ಹಾಸಿಸಿದರು. ನಾನು ಮತ್ತೆ ಹಿಂಡಿ ಅಂಗಡಿಗೆ ಹೋಗಿ ಆ ಕೆಂಪು ಇಟ್ಟಿಗೆ ತಂದೆ. ಅಂಗಡಿಯವರು, "ಅಂದೇ ಹೇಳಿದ್ದೆ ನೋಡ್ರಿ" ಎಂದು ಬೀಗಿದರು. ಬೀಗಲಿ. ಅದನ್ನು ಕೊಟ್ಟಿಗೆಯಲ್ಲಿ ಕಟ್ಟಲಿಲ್ಲ. ಬೇವಿನ ಮರದ ಕೊಂಬೆಗೆ, ದನದ ಮೂತಿಗೆ ಎಟಕುವಷ್ಟು ಕೆಳಗೆ ಕಟ್ಟಿದೆ. ಉಪ್ಪಿಗೆ ಅಲ್ಲಿಗೇ ಹೋಗಲಿ ಎಂದು ಗೋದಲಿಗೆ ಹಾಕುತ್ತಿದ್ದ ಕಲ್ಲುಪ್ಪು ನಿಲ್ಲಿಸಿದೆ, ಪುಡಿ ಮಾತ್ರ ಮುಂದುವರಿಸಿದೆ. ಅತ್ತೆ ಪಡಸಾಲೆಯಿಂದ ಎಲ್ಲ ನೋಡುತ್ತಿದ್ದರು.

ಎರಡು ಸಂಜೆ ದನಗಳು ಅತ್ತ ಸುಳಿಯಲಿಲ್ಲ. ಮೂರನೆಯ ಸಂಜೆ ನಾನು ಒಲೆಯ ಮುಂದಿದ್ದೆ. ಹಿತ್ತಲ ಕಡೆಯಿಂದ ಕೂಗು ಬಂತು: "ಹೋ… ಬಾರವ್ವ… ಬಾ." ಅದೇ ಎಳೆತ, ಅದೇ ಕೊನೆಯಲ್ಲಿ ಇಳಿದುಹೋಗುವ "ಬಾ". ಹಿಟ್ಟಿನ ಕೈಯಲ್ಲೇ ಎದ್ದೆ. ಓಡಿಹೋಗಿ ನೋಡಿದರೆ ಅತ್ತೆ ಮರದ ಕೆಳಗೆ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕರೆಯುತ್ತಿದ್ದರು. ಗುಡ್ಡದ ಕೆಳಗೆ ಕೆಂದಾಕಳು ತಲೆ ಎತ್ತಿತು. ಉಳಿದವನ್ನು ದೂಕಿಕೊಂಡು ಬಂತು.

ಈಗಲೂ ಸಂಜೆ ಆ ಸದ್ದು ಕೇಳುತ್ತದೆ, ಮಣ್ಣಿನ ಮೇಲಲ್ಲ, ಇಟ್ಟಿಗೆಯ ಮೇಲೆ. ಅತ್ತೆ ದನ ನೋಡಿಕೊಂಡು ಬರಲು ಹೋಗುತ್ತಾರೆ. ಕತ್ತಲು ಕವಿಯುವವರೆಗೂ ಬರುವುದಿಲ್ಲ. ನಾನು ಕರೆಯುವುದಿಲ್ಲ. ನೆಕ್ಕಿ ನೆಕ್ಕಿ ಇಟ್ಟಿಗೆ ನಡುವೆ ಸವೆದು ತೆಳ್ಳಗಾಗಿದೆ. ಇನ್ನೊಂದನ್ನು ಆಗಲೇ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ. ಇಟ್ಟಿಗೆ ಮುಗಿದು ಅತ್ತೆ ಮತ್ತೆ ಪಡಸಾಲೆಯ ಕಂಬಕ್ಕೆ ಒರಗುವ ಸಂಜೆಯನ್ನು ನೋಡುವ ಧೈರ್ಯ ನನಗಿಲ್ಲ.